ಊರೊಟ್ಟು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ನಮಸ್ಕಾರ. ಹಳ್ಳಿಯ ಮಾತು ಬಂದರೆ ಸಾಕು, ನಮ್ಮಲ್ಲಿ ಎರಡು ಭಾಷಣ ಸಿದ್ಧವಾಗಿರುತ್ತವೆ. ಒಂದು, ಹಿಂದೆ ಊರಿಗೆ ಊರೇ ಒಗ್ಗಟ್ಟಾಗಿತ್ತು, ಈಗ ಎಲ್ಲಾ ಕೆಟ್ಟುಹೋಯಿತು ಅನ್ನೋದು. ಇದಕ್ಕೆ ಬಲ ಕೊಟ್ಟವನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಚಾರ್ಲ್ಸ್ ಮೆಟ್‌ಕಾಫ್. ನಮ್ಮ ಹಳ್ಳಿಗಳು ಪುಟ್ಟ ಪುಟ್ಟ ಗಣರಾಜ್ಯಗಳು, ಬೇಕಾದ್ದೆಲ್ಲ ಅಲ್ಲೇ ಸಿಗುತ್ತೆ, ರಾಜರು ಬಂದು ಹೋದರೂ ಅವು ಅಲ್ಲಾಡೋದಿಲ್ಲ ಅಂತ 1830ರ ಟಿಪ್ಪಣಿಯಲ್ಲಿ ಬರೆದ. ಇನ್ನೊಂದು ಭಾಷಣ ಅಂಬೇಡ್ಕರ್ ಅವರದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮೆಟ್‌ಕಾಫನ ಇದೇ ಮಾತನ್ನು ಎತ್ತಿಕೊಂಡು, ಹಳ್ಳಿ ಅಂದರೆ ಅಜ್ಞಾನದ, ಸಂಕುಚಿತ ಬುದ್ಧಿಯ ಗೂಡಲ್ಲದೆ ಇನ್ನೇನು ಅಂತ ಕೇಳಿದರು.

ನನ್ನ ಒಲವು ಅಂಬೇಡ್ಕರ್ ಕಡೆಗೇ. ಆದರೂ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ: ಒಬ್ಬರ ಮನೆ ನೀರನ್ನು ಇನ್ನೊಬ್ಬರು ಮುಟ್ಟದ ಜನ ನೂರಾರು ವರ್ಷ ಒಂದೇ ಕೆರೆಯನ್ನು ಹೇಗೆ ಉಳಿಸಿಕೊಂಡರು?

ಬೇಕಾದ್ದೆಲ್ಲ ಹಳ್ಳಿಯಲ್ಲೇ ಸಿಗುತ್ತಿತ್ತು ಅನ್ನೋ ಕಥೆಯನ್ನು ಮೊದಲು ಪಕ್ಕಕ್ಕಿಡೋಣ. ಉಪ್ಪು ಎಲ್ಲಿಂದ ಬರುತ್ತಿತ್ತು? ನೇಗಿಲ ಗುಳಕ್ಕೆ ಕಬ್ಬಿಣ? ಮನೆಗೆ ಸೊಸೆ? ಸಂತೆ, ಜಾತ್ರೆ, ನೆಂಟಸ್ತಿಕೆ ಇಲ್ಲದೆ ಯಾವ ಊರೂ ಬದುಕಿರಲಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದನ್ನು ಬಿಡಿಸಿ ತೋರಿಸಿ ದಶಕಗಳೇ ಆದವು. ಭಾಷಣಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈಗ ಕೆರೆಗೆ ಬರೋಣ. ದಕ್ಷಿಣ ಕರ್ನಾಟಕದ ಒಂದು ಮಾಮೂಲಿ ಕೆರೆಯಲ್ಲಿ ಏನೇನಿರುತ್ತೆ ನೋಡಿ. ಮಳೆನೀರು ತರುವ ಕಾಲುವೆ, ನೀರು ತಡೆಯುವ ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದದ್ದು ಹರಿದುಹೋಗುವ ಕೋಡಿ, ಕೆಳಗೆ ಆ ನೀರು ಉಣ್ಣುವ ಗದ್ದೆಗಳ ಅಚ್ಚುಕಟ್ಟು. ಇದರಲ್ಲಿ ಯಾವುದನ್ನೂ ಒಬ್ಬನೇ ರೈತ ನೋಡಿಕೊಳ್ಳೋಕೆ ಆಗಲ್ಲ. ಕಾಲುವೆ ಮುಚ್ಚಿದರೆ ಕೆರೆ ತುಂಬಲ್ಲ. ಏರಿ ಮೇಲೆ ಮರ ಬೆಳೆದು, ಅದು ಸತ್ತು, ಬೇರು ಕೊಳೆತರೆ ಒಳಗೆ ಪೊಳ್ಳಾಗಿ ನೀರು ಜಿನುಗುತ್ತೆ. ಜಿನುಗು ದೊಡ್ಡದಾದ ದಿನ ಏರಿ ಒಡೆಯುತ್ತೆ. ಕೋಡಿಗೆ ಮಣ್ಣು ಏರಿಸಿ ಇನ್ನೊಂದು ಮೊಳ ನೀರು ನಿಲ್ಲಿಸೋಣ ಅಂತ ಯಾರೋ ಆಸೆಪಟ್ಟರೆ, ದೊಡ್ಡ ಮಳೆಗೆ ನೀರು ಏರಿ ಮೇಲೆಯೇ ಹತ್ತುತ್ತೆ. ಮಣ್ಣಿನ ಏರಿ ಅದನ್ನು ತಡೆಯಲ್ಲ. ಹೂಳು ತೆಗೆಯದೇ ಬಿಟ್ಟರಂತೂ ಸದ್ದಿಲ್ಲದೆ ಕೆರೆ ಬಯಲಾಗುತ್ತೆ.

ಆದ್ದರಿಂದ ಇದಕ್ಕೊಂದು ಏರ್ಪಾಡು ಬೇಕಿತ್ತು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಅದು ಬಿತ್ತುವಟ್ಟ, ಕಟ್ಟುಗೊಡಗಿ ಅಂತ ಸಿಗುತ್ತೆ. ತೂಬು ಎತ್ತಿ ಇಳಿಸೋಕೆ ನೀರುಗಂಟಿ ಇದ್ದ. ಅವನ ಕೂಲಿ ಸುಗ್ಗಿಯಲ್ಲಿ, ಕಣದಲ್ಲೇ, ಕಾಳಿನ ರೂಪದಲ್ಲಿ. ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಅಗಸ, ಹೀಗೆ ಊರಿನ ಕೆಲಸ ಮಾಡುವ ಆಯಗಾರರೆಲ್ಲರಿಗೂ ಕಣದಲ್ಲೇ ಪಾಲು ಅಳೆಯುತ್ತಿದ್ದರು. ನೀರುಗಂಟಿ ಎಷ್ಟೋ ಕಡೆ ದಲಿತ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವನ ಕೈಯಲ್ಲಿತ್ತು, ಆದರೆ ಆ ಅಚ್ಚುಕಟ್ಟಿನಲ್ಲಿ ಅವನಿಗೆ ಸಾಮಾನ್ಯವಾಗಿ ಸ್ವಂತ ಗದ್ದೆ ಇರಲಿಲ್ಲ. ಗದ್ದೆ ಇಲ್ಲದವನು ಪಕ್ಷಪಾತ ಮಾಡಲ್ಲ ಅಂತ ಇದನ್ನು ಹೊಗಳುವವರಿದ್ದಾರೆ. ನನಗೆ ಆ ಹೊಗಳಿಕೆ ಗಂಟಲಲ್ಲಿ ಇಳಿಯಲ್ಲ. ಊರಿನ ನ್ಯಾಯ ಅವನ ಬಡತನದ ಮೇಲೆ ನಿಂತಿತ್ತು ಅಂತಲೇ ಅದರ ಅರ್ಥ.

ಕೆರೆಯ ಜೊತೆಗೆ ಊರನ್ನು ಕಟ್ಟಿಹಾಕಿದ ಇನ್ನೊಂದು ಹಗ್ಗ ಕಂದಾಯ. ಎಷ್ಟೋ ಆಳ್ವಿಕೆಗಳಲ್ಲಿ ಕಂದಾಯ ಬೀಳುತ್ತಿದ್ದದ್ದು ಇಡೀ ಊರಿನ ಮೇಲೆ. ಒಬ್ಬ ಊರು ಬಿಟ್ಟು ಓಡಿದರೆ ಅವನ ಬಾಕಿ ಉಳಿದವರ ತಲೆಗೆ. ಅಂಥಾ ಕಡೆ ಪಕ್ಕದವನ ಹೊಲ ಬೀಳು ಬೀಳದಂತೆ ನೋಡಿಕೊಳ್ಳೋದು ನಿಮ್ಮ ಸ್ವಾರ್ಥವೇ. ರಷ್ಯಾದ ಹಳ್ಳಿ ಸಮುದಾಯ 'ಮೀರ್' ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ತೆರಿಗೆಗೆ ಊರೆಲ್ಲ ಜಂಟಿ ಹೊಣೆ, ಅದಕ್ಕೇ ಹೊಲಗಳನ್ನು ಆಗಾಗ ಮನೆಗಳ ನಡುವೆ ಮರುಹಂಚಿಕೆ ಮಾಡುತ್ತಿದ್ದರು. 1903ರಲ್ಲಿ ಸರ್ಕಾರ ಆ ಜಂಟಿ ಹೊಣೆ ತೆಗೆಯಿತು. 1906ರಲ್ಲಿ ಅಲ್ಲಿನ ಪ್ರಧಾನಿ ಸ್ಟೊಲಿಪಿನ್, ಬೇಕಾದವರು ತಮ್ಮ ಪಾಲು ಬಿಡಿಸಿಕೊಂಡು ಹೊರಬರಬಹುದು ಅಂದ. ಲಕ್ಷಾಂತರ ಮನೆಗಳು ಬಂದೂಬಿಟ್ಟವು.

ನಮ್ಮಲ್ಲಿ ಆ ಹಗ್ಗ ಬಿಚ್ಚಿದ್ದು ರೈತವಾರಿ ಪದ್ಧತಿ. ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಮದ್ರಾಸ್ ಪ್ರಾಂತ್ಯದಲ್ಲಿ ನೆಲೆಗೊಳಿಸಿದ ಈ ಪದ್ಧತಿಯಲ್ಲಿ ಸರ್ಕಾರಕ್ಕೂ ಒಬ್ಬೊಬ್ಬ ರೈತನಿಗೂ ನೇರ ಲೆಕ್ಕ. ಇವತ್ತಿನ ಪಹಣಿಯಲ್ಲಿ ನೀವು ನೋಡುವ ಸರ್ವೆ ನಂಬರು, ಹಿಸ್ಸಾ ಎಲ್ಲ ಆ ಯೋಚನೆಯ ಸಂತಾನವೇ. ಪಕ್ಕದವನ ಬಾಕಿ ಇನ್ನು ಪಕ್ಕದವನದ್ದೇ. ಕೆರೆ ಸರ್ಕಾರದ್ದಾಯಿತು, ದುರಸ್ತಿ ಇಲಾಖೆಯದ್ದಾಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳನ್ನು ತೆಗೆದು ಸಂಬಳದ ಗ್ರಾಮಲೆಕ್ಕಿಗರನ್ನು ತಂದಿತು. ಅದು ಆಗಲೇಬೇಕಿತ್ತು, ಅದರ ಬಗ್ಗೆ ನನಗೆ ತಕರಾರಿಲ್ಲ.

ಕೊನೆಯ ಪೆಟ್ಟು ಕೊಟ್ಟದ್ದು ಕೊಳವೆಬಾವಿ. ದುಡ್ಡಿದ್ದವನು ಮೊದಲು ಕೊರೆಸಿದ. ಅವನಿಗೆ ತೂಬಿನ ಸರದಿ ಬೇಕಿಲ್ಲ, ಆದ್ದರಿಂದ ಹೂಳೆತ್ತುವ ದಿನ ಅವನ ಆಳುಗಳೂ ಬರಲಿಲ್ಲ. ಊರಲ್ಲಿ ಮಾತು ನಡೆಯುವವನೇ ಹಿಂದೆ ಸರಿದ ಮೇಲೆ, ಅಚ್ಚುಕಟ್ಟಿನ ಕೊನೆಯಲ್ಲಿ ಅರ್ಧ ಎಕರೆ ಇಟ್ಟುಕೊಂಡವನ ಕೂಗು ಯಾರಿಗೆ ಕೇಳುತ್ತೆ? ನೀರುಗಂಟಿಯ ಕಾಳು ನಿಂತಿತು, ಕಾಲುವೆ ಒತ್ತುವರಿಯಾಯಿತು, ಏರಿ ಮೇಲೆ ಜಾಲಿ ಹತ್ತಿತು.

ಪಂಚಾಯಿತಿ ಇದೆಯಲ್ಲ ಅಂತೀರಾ? ನಮ್ಮ ಪ್ರಜಾಪ್ರಭುತ್ವ ಹಳೆಯದು ಅನ್ನೋಕೆ ತಮಿಳುನಾಡಿನ ಉತ್ತರಮೇರೂರಿನ ಶಾಸನ ತೋರಿಸುತ್ತಾರೆ. 10ನೇ ಶತಮಾನ, ಚೋಳ ಒಂದನೇ ಪರಾಂತಕನ ಕಾಲದ್ದು. 30 ಕೇರಿ, ಸಮಿತಿಗೆ ಜನರನ್ನು ಆರಿಸೋಕೆ ಓಲೆಗಳ ಮೇಲೆ ಹೆಸರು ಬರೆದು ಗಡಿಗೆಗೆ ಹಾಕಿ ಪುಟ್ಟ ಹುಡುಗನ ಕೈಯಲ್ಲಿ ಎತ್ತಿಸೋದು, ಕೆರೆಗೇ ಒಂದು ಪ್ರತ್ಯೇಕ ಸಮಿತಿ. ಚೆನ್ನಾಗಿದೆ. ಆದರೆ ಓಲೆಯಲ್ಲಿ ಹೆಸರು ಸೇರಬೇಕಾದರೆ ಕಂದಾಯ ಕಟ್ಟುವ ಜಮೀನಿರಬೇಕು, ಸ್ವಂತ ನಿವೇಶನದಲ್ಲಿ ಮನೆ ಇರಬೇಕು, ವಯಸ್ಸು 35 ದಾಟಿರಬೇಕು, ವೇದ ಬಲ್ಲವನಾಗಿರಬೇಕು. ಅದು ಬ್ರಾಹ್ಮಣರ ಸಭೆ. ಅಲ್ಲಿ ನಾವು ಕದಿಯಬೇಕಾದ ನಿಯಮ ಒಂದೇ: ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮಾತ್ರವಲ್ಲ, ಅವನ ಹತ್ತಿರದ ನೆಂಟರೂ ಅನರ್ಹರು!

1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದ ಸ್ಥಾನ ಕೊಟ್ಟಿತು, ಮಹಿಳೆಯರಿಗೆ, ಪರಿಶಿಷ್ಟರಿಗೆ ಮೀಸಲಾತಿ ತಂದಿತು. ಹಳೆಯ ಊರೊಟ್ಟು ಎಂದೂ ಕೊಡದ ದನಿ ಇದು. ಆದರೆ ಫಲಾನುಭವಿಗಳ ಪಟ್ಟಿ ಮಾಡುವ ದಿನ ತುಂಬುವ ಸಭೆ ಉಳಿದ ದಿನ ಖಾಲಿ, ಯಾಕೆಂದರೆ ಅಲ್ಲಿ ಕೂಡಿ ಹೊರಬೇಕಾದ್ದು ಏನೂ ಇಲ್ಲ. ಹಣ ಮೇಲಿಂದ ಬರುತ್ತೆ, ಹಂಚಬೇಕು, ಅಷ್ಟೇ.

ಕೆರೆ ಬಳಕೆದಾರರ ಸಂಘ ಕಟ್ಟುವವರಿಗೆ ನನ್ನ ಮಾತು ಇಷ್ಟು. ಅಚ್ಚುಕಟ್ಟುದಾರರ ಪಟ್ಟಿ ಹಿಡಿದು ಶುರುಮಾಡಬೇಡಿ. ಇವತ್ತು ಕೆರೆ ತುಂಬಿದರೆ ಹೆಚ್ಚು ಲಾಭ ಸುತ್ತಲಿನ ಕೊಳವೆಬಾವಿಯವರಿಗೆ. ಅಂತರ್ಜಲ ಏರೋದು ಅವರ ಮೋಟರಿಗೆ. ವಂತಿಗೆ ಅವರಿಂದ ಮೊದಲು ಬರಲಿ. ಮೀನು ಹಿಡಿಯುವವರು, ದನ ಮೇಯಿಸುವವರು, ಕೆರೆಯ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುವವರು, ಜಮೀನಿಲ್ಲದ ಹೆಂಗಸರು ಸದಸ್ಯರಾಗಲಿ. ಮೀನಿನ ಹರಾಜಿನ ದುಡ್ಡು ಆ ಕೆರೆಯ ಖಾತೆಗೇ ಸೇರಲಿ. ನೀರುಗಂಟಿಗೆ ಅದರಿಂದ ತಿಂಗಳ ಸಂಬಳ ಹೋಗಲಿ, ಆ ಕೆಲಸಕ್ಕೆ ಯಾವ ಕೇರಿಯವರು ಬೇಕಾದರೂ ಅರ್ಜಿ ಹಾಕುವಂತಿರಲಿ.