ಮೊದಲು ತಕ್ಕಡಿ, ಆಮೇಲೆ ಕ್ಯಾಮೆರಾ

ನಮಸ್ಕಾರ ವೀಕ್ಷಕರೇ. ಪ್ರವಾಸಕ್ಕೆ ಎಂಥ ಕ್ಯಾಮೆರಾ ಕೊಳ್ಳಬೇಕು ಎಂಬ ನಮ್ಮ ಹಿಂದಿನ ಸಂಚಿಕೆಗೆ ಒಬ್ಬ ಮಹನೀಯರು ಬರೆದ ಪ್ರತಿಕ್ರಿಯೆ ನನ್ನ ನಿದ್ದೆಗೆಡಿಸಿದೆ. "ಫುಲ್ ಫ್ರೇಮ್ ಇಲ್ಲದೆ ಹಂಪಿಗೆ ಹೋಗುವುದೂ ಒಂದೇ, ಮನೆಯಲ್ಲಿ ಕುಳಿತು ಐವತ್ತರ ನೋಟಿನ ಹಿಂಬದಿ ನೋಡುವುದೂ ಒಂದೇ" ಎಂದು ಅವರು ಅಪ್ಪಣೆ ಕೊಡಿಸಿದ್ದಾರೆ. ಫುಲ್ ಫ್ರೇಮ್ ಎಂದರೆ ಬೆಳಕು ಹಿಡಿಯುವ ಫಲಕ, ಅಂದರೆ ಸೆನ್ಸರ್, ಹಳೆಯ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡದಿರುವ ಕ್ಯಾಮೆರಾ. ಕಲ್ಲಿನ ರಥ ಆ ನೋಟಿನ ಮೇಲಿದೆ ಎಂಬುದನ್ನು ನೆನಪಿಟ್ಟುಕೊಂಡು ಹಾಸ್ಯ ಮಾಡಿದ್ದಕ್ಕೆ ನನ್ನ ಮೆಚ್ಚುಗೆ ಇದ್ದೇ ಇದೆ. ಆದರೆ "ತಮ್ಮ ಕ್ಯಾಮೆರಾ ಲೆನ್ಸ್ ಸಮೇತ ಎಷ್ಟು ತೂಗುತ್ತದೆ?" ಎಂದು ನಾನು ವಿನಯದಿಂದಲೇ ಕೇಳಿದಾಗ ಅವರು ಸೆನ್ಸರಿನ ಉದ್ದಗಲ ಹೇಳಿದರು, ಮೆಗಾಪಿಕ್ಸೆಲ್ ಹೇಳಿದರು, ಕೊಂಡ ಬೆಲೆಯನ್ನೂ ಕೇಳದೆಯೇ ಹೇಳಿದರು. ತೂಕವನ್ನು ಮಾತ್ರ ಹೇಳಲಿಲ್ಲ. ಹೇಳುವುದಾದರೂ ಹೇಗೆ, ತೂಗಿ ನೋಡಿದ್ದರೆ ತಾನೆ!

ಆದ್ದರಿಂದ ಇಂದಿನ ಸಂಚಿಕೆಯಲ್ಲಿ ನಾನು ಹೇಳುವುದು ಒಂದೇ ಮಾತು. ಪ್ರವಾಸದ ಕ್ಯಾಮೆರಾವನ್ನು ಆರಿಸುವ ಮೊದಲ ಉಪಕರಣ ಅಡುಗೆಮನೆಯ ತಕ್ಕಡಿ. ಕ್ಯಾಮೆರಾ, ಅದರಲ್ಲಿ ಬ್ಯಾಟರಿ ಮತ್ತು ಕಾರ್ಡ್, ಅದರ ಮುಂದೆ ನೀವು ದಿನವಿಡೀ ಹಾಕಿಕೊಂಡಿರುವ ಲೆನ್ಸ್, ಇಷ್ಟೂ ಸೇರಿ ಮುಕ್ಕಾಲು ಕೆಜಿ ದಾಟಬಾರದು. ಇದು ನಾನೇ ಹಾಕಿಕೊಂಡ ಗೆರೆ, ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ಆದರೂ ನಾನು ಇದರಿಂದ ಒಂದು ಗ್ರಾಂ ಆಚೆ ಸರಿಯುವವನಲ್ಲ.

ಲೆಕ್ಕ ಹಾಕೋಣ. ಆ ಮಹನೀಯರ ಬಳಿ ಇರುವುದು ಸೋನಿ ಎ7 ಮಾರ್ಕ್ 4. ಬ್ಯಾಟರಿ ಮತ್ತು ಕಾರ್ಡ್ ಸಹಿತ ಅದರ ತೂಕ ಸುಮಾರು 658 ಗ್ರಾಂ. ಅದಕ್ಕೆ ಅವರು ಹೆಮ್ಮೆಯಿಂದ ಹೇಳಿಕೊಂಡ 24-70 ಎಫ್ 2.8 ಜಿ ಮಾಸ್ಟರ್ ಲೆನ್ಸಿನ ಎರಡನೆಯ ಆವೃತ್ತಿ 695 ಗ್ರಾಂ. ಇಲ್ಲಿ 24-70 ಎಂಬುದು ಮಿಲಿಮೀಟರಿನಲ್ಲಿ ಲೆನ್ಸಿನ ವ್ಯಾಪ್ತಿ, ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ; ಎಫ್ ಎಂಬುದು ಬೆಳಕಿನ ಕಿಂಡಿಯ ಅಳತೆ, ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಎರಡೂ ಸೇರಿ 1353 ಗ್ರಾಂ ಆಯಿತು. ದೂರದ ಗೋಪುರದ ಶಿಲ್ಪ ಬೇಕೆಂದು 70-200 ಲೆನ್ಸಿನ ಹೊಸ ಆವೃತ್ತಿಯನ್ನೂ ಚೀಲಕ್ಕೆ ಹಾಕಿಕೊಂಡರೆ ಇನ್ನೂ 1045 ಗ್ರಾಂ ಕೂಡುತ್ತದೆ. ಚಾರ್ಜರ್, ಹೆಚ್ಚುವರಿ ಬ್ಯಾಟರಿ, ಚೀಲದ ಸ್ವಂತ ತೂಕ ಎಲ್ಲವೂ ಇದರ ಮೇಲೆ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿಯ ಮಿತಿ ಇರುವಾಗ, ಅರ್ಧದಷ್ಟು ಜಾಗವನ್ನು ಗಾಜು ಮತ್ತು ಲೋಹಕ್ಕೆ ಬಿಟ್ಟುಕೊಟ್ಟು ಉಳಿದರ್ಧದಲ್ಲಿ ಬಟ್ಟೆ, ಔಷಧಿ, ಅತ್ತೆಯವರು ಕಟ್ಟಿಕೊಟ್ಟ ಚಕ್ಕುಲಿ ತುಂಬಿಸಬೇಕು.

ಈಗ ಇನ್ನೊಂದು ತಟ್ಟೆ ನೋಡಿ. ಸೋನಿ ಎ6400 ಎಂಬ ಎಪಿಎಸ್-ಸಿ, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ, ಕ್ಯಾಮೆರಾ 403 ಗ್ರಾಂ, ಅದಕ್ಕೆ ಒಪ್ಪುವ 18-135 ಲೆನ್ಸ್ 325 ಗ್ರಾಂ, ಒಟ್ಟು 728. ಚಿಕ್ಕ ಸೆನ್ಸರ್ ನೋಟದ ನಡುಭಾಗವನ್ನಷ್ಟೇ ಹಿಡಿಯುವುದರಿಂದ, ಫುಲ್ ಫ್ರೇಮ್ ಭಾಷೆಯಲ್ಲಿ ಹೇಳುವುದಾದರೆ ಆ ಒಂದೇ ಲೆನ್ಸ್ ಹೆಚ್ಚುಕಡಿಮೆ 27 ರಿಂದ 200 ಮಿಲಿಮೀಟರ್‌ವರೆಗೆ ನೋಡುತ್ತದೆ, ಅಂದರೆ ಮೇಲೆ ಹೇಳಿದ ಎರಡು ಲೆನ್ಸುಗಳ ವ್ಯಾಪ್ತಿ ಬಹುತೇಕ ಒಂದರಲ್ಲೇ ಬಂತು. ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಬೇಕೆನ್ನುವವರಿಗೆ ಓಎಂ-5 ಎಂಬುದು 414 ಗ್ರಾಂ, ಅದರ 12-45 ಲೆನ್ಸ್ 254 ಗ್ರಾಂ, ಎರಡಕ್ಕೂ ಮಳೆಹನಿಯ ರಕ್ಷಣೆ ಬೇರೆ ಇದೆ. ಜೂಮ್ ಬೇಡ, ಜೇಬಿನಲ್ಲಿ ಇದ್ದರೆ ಸಾಕು ಎನ್ನುವವರಿಗೆ ರಿಕೋ ಜಿಆರ್ 3 ಬರೀ 257 ಗ್ರಾಂ. ಈ ತೂಕದ ಪಟ್ಟಿಯನ್ನು ನಾನೇ ಕುಳಿತು ತಯಾರಿಸಿ ವಿವರಣೆಯ ಜಾಗದಲ್ಲಿ ಹಾಕಿದ್ದೇನೆ. ಪಟ್ಟಿ ಉಚಿತ, ಆದರೆ ಚಂದಾದಾರರಾಗದೆ ಇಳಿಸಿಕೊಳ್ಳುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಪಟ್ಟಿ ಮಾಡುವ ಕಾಲಕ್ಕೆ ನಾನು ಒಂದು ಅಂಗಡಿಗೆ ತಕ್ಕಡಿಯನ್ನು ಕೊಂಡೊಯ್ದಿದ್ದೆ. ಗಾಜಿನ ಕಟ್ಟೆಯ ಮೇಲೆ ಅದನ್ನಿಟ್ಟು, ದಯವಿಟ್ಟು ಕ್ಯಾಮೆರಾವನ್ನು ಲೆನ್ಸ್ ಸಮೇತ ಇದರ ಮೇಲಿಡಿ ಎಂದಾಗ ಅಲ್ಲಿಯ ಹುಡುಗ ನನ್ನ ಮುಖವನ್ನೊಮ್ಮೆ, ತಕ್ಕಡಿಯನ್ನೊಮ್ಮೆ ನೋಡಿ, "ಸರ್, ಚಿನ್ನದ ಅಂಗಡಿ ಪಕ್ಕದ್ದು" ಎಂದ. ಅವನ ಸಮಯಸ್ಫೂರ್ತಿಗೆ ಚಪ್ಪಾಳೆ ತಟ್ಟಬೇಕು. ಆದರೆ ಮುಂದಿನ ಅರ್ಧ ಗಂಟೆ ಅವನು ನನಗೆ ಮೆಗಾಪಿಕ್ಸೆಲ್ ಪಾಠ ಹೇಳಿದ, ಮತ್ತು ಅದೇ ಈ ರೋಗದ ಮೂಲ.

ಮೊದಲ ಆಕ್ಷೇಪ ಮೆಗಾಪಿಕ್ಸೆಲ್, ಅಂದರೆ ಚಿತ್ರದ ಬಿಂದುಗಳನ್ನು ಹತ್ತು ಲಕ್ಷದಂತೆ ಎಣಿಸುವ ಲೆಕ್ಕ. ಇದನ್ನು ಬೇಗ ಮುಗಿಸುತ್ತೇನೆ. 4ಕೆ ವಿಡಿಯೋದ ಒಂದು ಚೌಕಟ್ಟು ಎಂದರೆ 3840 ಗುಣಿಸು 2160, ಅಂದರೆ ಸುಮಾರು 83 ಲಕ್ಷ ಬಿಂದುಗಳು. ಎ4 ಹಾಳೆಯಲ್ಲಿ ಒಂದು ಇಂಚಿಗೆ 300 ಬಿಂದುಗಳಂತೆ ಮುದ್ರಿಸಿದರೂ ಬೇಕಾಗುವುದು ಸುಮಾರು 87 ಲಕ್ಷ. ಎ6400 ಕ್ಯಾಮೆರಾದಲ್ಲಿರುವುದು ಎರಡು ಕೋಟಿ ನಲವತ್ತು ಲಕ್ಷ. ಉಳಿದ ಒಂದೂವರೆ ಕೋಟಿಯನ್ನು ನೀವು ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸುವಾಗ ಆ ಆ್ಯಪ್ ತಾನಾಗಿಯೇ ಹಿಂಡಿ ಬಿಸಾಡುತ್ತದೆ.

"ಮಂದ ಬೆಳಕಿನಲ್ಲಿ ಫುಲ್ ಫ್ರೇಮ್ ಬೇಕೇ ಬೇಕು" ಎಂಬುದು ಎರಡನೆಯ ಆಕ್ಷೇಪ, ಮತ್ತು ಇದನ್ನು ಹೇಳುವಾಗ ಎಲ್ಲರ ಧ್ವನಿಯೂ ಗಂಭೀರವಾಗುತ್ತದೆ. ಸರಿ, ಬೇಲೂರಿಗೆ ಹೋಗೋಣ. ಚೆನ್ನಕೇಶವನ ನವರಂಗಕ್ಕೆ ಕಾಲಿಟ್ಟ ಕೂಡಲೇ ಹೊರಗಿನ ಬಿಸಿಲಿಗೆ ಒಗ್ಗಿದ ಕಣ್ಣಿಗೆ ಏನೂ ಕಾಣುವುದಿಲ್ಲ. ಕಡೆದ ಕಂಬಗಳ ಅಂಚಿನ ಮೇಲೆ ಬಾಗಿಲಿನಿಂದ ಬಂದ ಬೆಳಕು ಒಂದು ಗೆರೆಯಾಗಿ ಕುಳಿತಿರುತ್ತದೆ, ಅಷ್ಟೇ. ಇಲ್ಲಿ ಫುಲ್ ಫ್ರೇಮಿನ 36 ಗುಣಿಸು 24 ಮಿಲಿಮೀಟರ್ ಸೆನ್ಸರ್ ಎಪಿಎಸ್-ಸಿಗಿಂತ ಎಷ್ಟು ಹೆಚ್ಚು ಬೆಳಕು ಹಿಡಿಯುತ್ತದೆ? ಛಾಯಾಗ್ರಾಹಕರ ಲೆಕ್ಕದಲ್ಲಿ ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು), ಅದರ ಮೇಲೆ ಚೂರು. ಅದೇ ನೀವು ಎಫ್ 4 ಜೂಮ್ ತೆಗೆದು ಎಫ್ 1.4 ಇರುವ, ಜೂಮ್ ಆಗದ ಪುಟ್ಟ ಪ್ರೈಮ್ ಲೆನ್ಸ್ ಹಾಕಿದರೆ ಸಿಗುವುದು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಬೆಳಕು. ಸಿಗ್ಮಾ ಕಂಪನಿಯ 30 ಮಿಲಿಮೀಟರ್ ಎಫ್ 1.4 ಲೆನ್ಸಿನ ತೂಕ 265 ಗ್ರಾಂ, ಎ6400 ಜೊತೆಗೆ 668, ಮುಕ್ಕಾಲು ಕೆಜಿಯೊಳಗೆ ಆರಾಮವಾಗಿ ಕುಳಿತಿತು. ಟ್ರೈಪಾಡ್ ಇಡುತ್ತೇನೆ ಎನ್ನುವವರಿಗೆ ಒಂದು ಸುದ್ದಿ: ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮುಂಚಿತವಾಗಿ ಅನುಮತಿ ಪಡೆದಿರಬೇಕು. ಆದ್ದರಿಂದ ನಿಮ್ಮ ಟ್ರೈಪಾಡ್ ಕೊಠಡಿಯಲ್ಲೇ ಉಳಿಯುತ್ತದೆ, ಕೈ ಮಾತ್ರ ನಿಮ್ಮ ಜೊತೆ ಬರುತ್ತದೆ, ಮತ್ತು ಒಂದೂಕಾಲು ಕೆಜಿ ದಾಟಿದ ಭಾರ ಹಿಡಿದ ಕೈ ನಡುಗುತ್ತದೆ.

ಫುಲ್ ಫ್ರೇಮಿನಲ್ಲಿ ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ ಎಂಬುದು ಮೂರನೆಯ ಆಕ್ಷೇಪ. ಸ್ವಾಮಿ, ಬಸ್ಸು ಹತ್ತಿ, ರಾತ್ರಿಯಿಡೀ ಕುಳಿತು ಪ್ರಯಾಣ ಮಾಡಿ ಹಂಪಿಗೆ ಹೋಗಿ, ವಿರೂಪಾಕ್ಷನ ಗೋಪುರದ ಮುಂದೆ ನಿಂತು, ಆ ಗೋಪುರವನ್ನೇ ಬೆಣ್ಣೆ ಕರಗಿಸಿದಂತೆ ಮಸುಕಾಗಿಸಿ ನಿಮ್ಮ ಮೂಗೊಂದನ್ನೇ ಸ್ಪಷ್ಟವಾಗಿ ತೆಗೆಯುವುದಾದರೆ ಆ ಚಿತ್ರವನ್ನು ಮನೆಯ ತಾರಸಿಯಲ್ಲೇ ತೆಗೆಯಬಹುದಿತ್ತು.

ಇಲ್ಲಿ ಒಂದು ಇತಿಹಾಸ ಹೇಳಲೇಬೇಕು, ಏಕೆಂದರೆ ಫುಲ್ ಫ್ರೇಮ್ ಭಕ್ತರಿಗೆ ತಮ್ಮ ದೇವರ ಜನ್ಮವೃತ್ತಾಂತವೇ ಗೊತ್ತಿಲ್ಲ. ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬರ್ನಾಕ್ ಎಂಬ ತಂತ್ರಜ್ಞರಿದ್ದರು. ಅವರಿಗೆ ಉಬ್ಬಸ. ಅಂದಿನ ದೊಡ್ಡ ಪ್ಲೇಟ್ ಕ್ಯಾಮೆರಾವನ್ನು ಗುಡ್ಡಗಾಡಿನ ನಡಿಗೆಗೆ ಹೊತ್ತೊಯ್ಯುವುದು ಅವರ ಉಸಿರಿಗೆ ಆಗದ ಕೆಲಸವಾಗಿತ್ತು. ಆಗ ಅವರು ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾ ಚೌಕಟ್ಟಿನ ಎರಡರಷ್ಟು, ಅಂದರೆ 24 ಗುಣಿಸು 36 ಅಳತೆಯ ಚಿತ್ರ ಬೀಳುವ ಒಂದು ಪುಟ್ಟ ಕ್ಯಾಮೆರಾ ಮಾಡಿಕೊಂಡರು. ಅದೇ ಲೈಕಾ ಆಗಿ 1925ರಲ್ಲಿ ಲೈಪ್ಸಿಗ್ ಮೇಳದಲ್ಲಿ ಜನರ ಮುಂದೆ ಬಂತು. ಇವತ್ತು ನೀವು ಯಾವ ಅಳತೆಯನ್ನು ದೊಡ್ಡದು, ವೃತ್ತಿಪರ, ಭಾರವಾದರೂ ಸರಿ ಎಂದು ತಲೆಯ ಮೇಲೆ ಹೊತ್ತಿದ್ದೀರೋ ಆ ಅಳತೆ ಹುಟ್ಟಿದ್ದೇ ಭಾರ ಹೊರಲಾರದ ಒಬ್ಬ ಮನುಷ್ಯನ ಎದೆಯಿಂದ. ಮೊದಲು ತೂಕ ನೋಡಿದವರು ಬರ್ನಾಕ್, ನಾನು ಅವರ ಬಡ ಶಿಷ್ಯ.

"ಸೋನಿ ಎ7ಸಿ 2 ಫುಲ್ ಫ್ರೇಮೇ, ಆದರೆ ಹಗುರವಲ್ಲವೇ?" ಎಂದು ಕೇಳಲು ಕೆಲವರು ಬೆರಳು ಮಸೆಯುತ್ತಿರುತ್ತೀರಿ. ಹಗುರವೇ, 514 ಗ್ರಾಂ. ಅದರ 28-60 ಲೆನ್ಸ್ 167 ಗ್ರಾಂ, ಒಟ್ಟು 681. ತಕ್ಕಡಿ ಒಪ್ಪಿತು. ಆದರೆ ಆ ಲೆನ್ಸ್ ತುದಿಗೆ ಹೋದಾಗ ಎಫ್ 5.6, ಅಂದರೆ ನೀವು ದುಡ್ಡು ಸುರಿದು ತಂದ ಹೆಚ್ಚಿನ ಬೆಳಕು ಆ ಸಣ್ಣ ಕಿಂಡಿಯಲ್ಲೇ ಸೋರಿಹೋಯಿತು. ಒಳ್ಳೆಯ ಲೆನ್ಸ್ ಹಾಕಿದಿರೋ, ತಕ್ಕಡಿಯ ಮುಳ್ಳು ಮತ್ತೆ ಕಿಲೋದತ್ತ ಓಡುತ್ತದೆ. ಕ್ಯಾಮೆರಾ ಒಂದನ್ನೇ ತೂಗಿ ಜಾಹೀರಾತು ಕೊಡುವುದು ಕಂಪನಿಗಳ ಕೆಲಸ, ಲೆನ್ಸ್ ಸಮೇತ ತೂಗುವುದು ನಮ್ಮ ಕೆಲಸ.

ಕಿರುವಿಡಿಯೋ ಮಾಡುವವರಿಗಂತೂ ಈ ಮಾತು ಎರಡು ಪಟ್ಟು ಸತ್ಯ. ಬಿಸಿಲಿನಲ್ಲಿ ಸೆಕೆಂಡಿಗೆ 25 ಚೌಕಟ್ಟು, ಶಟರ್ ವೇಗ, ಅಂದರೆ ಒಂದೊಂದು ಚೌಕಟ್ಟಿಗೆ ಬೆಳಕು ಬೀಳುವ ಸಮಯ, 1/50 ಸೆಕೆಂಡ್ ಇಟ್ಟು ತೆಗೆಯಬೇಕೆಂದರೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಆ ಜಿ ಮಾಸ್ಟರ್ ಲೆನ್ಸಿನ ಬಾಯಿ 82 ಮಿಲಿಮೀಟರ್, 18-135ರ ಬಾಯಿ 55. ಬಾಯಿ ಅಗಲವಾದಷ್ಟೂ ಫಿಲ್ಟರಿನ ಬೆಲೆಯೂ ತೂಕವೂ ಏರುತ್ತವೆ. ಅಂದ ಹಾಗೆ, ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಖಾನಾವಳಿಯ ಟ್ಯೂಬ್‌ಲೈಟ್ ಕೆಳಗೆ ರೊಟ್ಟಿ ಬಡಿಯುವುದನ್ನು ಚಿತ್ರೀಕರಿಸುವಾಗ ಶಟರನ್ನು 1/50 ಅಥವಾ 1/100ಕ್ಕೆ ಇಡಿ, 1/60ಕ್ಕೆ ಇಟ್ಟರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಏರಿಳಿಯುತ್ತವೆ. ಇದಕ್ಕೂ ತೂಕಕ್ಕೂ ಸಂಬಂಧವಿಲ್ಲ, ಆದರೆ ನನ್ನ ವಾರಾಂತ್ಯದ ಕಾರ್ಯಾಗಾರದಲ್ಲಿ ಇದನ್ನು ಕಲಿಸುತ್ತೇನೆ, ಎರಡು ಸ್ಥಾನಗಳು ಖಾಲಿ ಇವೆ. ಮತ್ತೆ ವಿಷಯಕ್ಕೆ ಬರುತ್ತೇನೆ. ತೋಳು ಚಾಚಿ ನಿಮ್ಮನ್ನೇ ಚಿತ್ರಿಸಿಕೊಂಡು ನಡೆಯುತ್ತ ಮಾತನಾಡುವ ಕೆಲಸಕ್ಕೆ ಒಂದೂಕಾಲು ಕೆಜಿ, ಅದರ ಕೆಳಗೊಂದು ಗಿಂಬಲ್, ಅಂದರೆ ಅಲುಗಾಟ ತಡೆಯುವ ಹಿಡಿಕೆ! ಗಿಂಬಲನ್ನು ತನ್ನೊಳಗೇ ಇಟ್ಟುಕೊಂಡ, ಒಂದು ಇಂಚಿನದೆಂದು ಕರೆಯುವ ಸೆನ್ಸರ್ ಇರುವ ಡಿಜೆಐ ಆಸ್ಮೋ ಪಾಕೆಟ್ 3 ಕ್ಯಾಮೆರಾ ಬರೀ 179 ಗ್ರಾಂ ಇರುವ ಕಾಲದಲ್ಲಿ ಇದನ್ನು ವ್ಯಾಯಾಮ ಎನ್ನಬಹುದೇ ಹೊರತು ಚಿತ್ರೀಕರಣ ಎನ್ನಲಾಗದು.

"ಹಾಗಾದರೆ ಮೊಬೈಲೇ ಸಾಕಲ್ಲ" ಎನ್ನುವವರೂ ಇದ್ದಾರೆ. ಬಿಸಿಲಿನ ಬಯಲಿಗೆ ಸಾಕು. ಬೇಲೂರಿನ ಸೂರಿನಡಿ ನೆರಳಿನಲ್ಲಿ ಎತ್ತರಕ್ಕೆ ನಿಂತ ದರ್ಪಣ ಸುಂದರಿಯ ಬೆರಳನ್ನು ಅದರಲ್ಲಿ ಹಿಗ್ಗಿಸಿ ನೋಡಿ, ಶಿಲ್ಪವೋ ಜಲವರ್ಣವೋ ತಿಳಿಯುವುದಿಲ್ಲ. "ವನ್ಯಜೀವಿ ಛಾಯಾಗ್ರಾಹಕರು ಅಷ್ಟು ದೊಡ್ಡ ಲೆನ್ಸ್ ಒಯ್ಯುವುದಿಲ್ಲವೇ" ಎನ್ನುವವರಿಗೆ, ಕಬಿನಿಯಲ್ಲಿ ಆ ಲೆನ್ಸನ್ನು ಒಯ್ಯುವುದು ಜೀಪು. ನಿಮಗೆ ಜೀಪು ಇದೆಯೇ? ಹಂಪಿಯ ಮಾತಂಗ ಬೆಟ್ಟದ ಮೆಟ್ಟಿಲುಗಳನ್ನು ಸೂರ್ಯ ಹುಟ್ಟುವ ಮೊದಲು ಹತ್ತುವಾಗ ಎರಡೂ ಕೈ ಬಂಡೆಗೆ ಬೇಕು, ಕುತ್ತಿಗೆಯಲ್ಲಿ ನೇತಾಡುವ ವಸ್ತು ಹೆಜ್ಜೆಹೆಜ್ಜೆಗೂ ಕಲ್ಲಿಗೆ ಬಡಿಯುತ್ತದೆ. ಭಾರವಾದದ್ದನ್ನು ಜನ ಚೀಲದೊಳಗೆ ಹಾಕುತ್ತಾರೆ, ಚೀಲದಿಂದ ತೆಗೆಯುವಷ್ಟರಲ್ಲಿ ಅಚ್ಯುತರಾಯ ದೇವಾಲಯದ ಮೇಲಿನ ಮಂಜು ಕರಗಿರುತ್ತದೆ.

ಮುಂದಿನ ಪ್ರವಾಸಕ್ಕೆ "ಈ ಸಲ ಬೇಡ, ಭಾರ" ಎಂದು ಅದನ್ನು ಬೀರುವಿನಲ್ಲೇ ಬಿಡುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನ ಕತ್ತಲಲ್ಲಿ ಒದ್ದೆ ಕುತ್ತಿಗೆಪಟ್ಟಿಯೊಂದಿಗೆ ಮಲಗಿದ ಲೆನ್ಸಿಗೆ ಟಾರ್ಚ್ ಹಿಡಿದು ನೋಡಿದ್ದೀರಾ? ಮುಂದಿನ ಗಾಜಿನ ಒಳಮೈಯಲ್ಲಿ ಕೂದಲಿಗಿಂತ ತೆಳುವಾದ ಬಿಳಿ ಎಳೆಗಳು ಅಂಚಿನಿಂದ ನಡುವಿನ ಕಡೆಗೆ ಕವಲೊಡೆದು ಹರಡಿರುತ್ತವೆ. ಅದು ಬೂಷ್ಟು. ಲಕ್ಷ ರೂಪಾಯಿಯ ಗಾಜನ್ನು ತಿಂದು ಬೆಳೆದ ಬೂಷ್ಟು. ಸಿಲಿಕಾ ಜೆಲ್ ಪೊಟ್ಟಣ ಇಡಿ, ಒಪ್ಪುತ್ತೇನೆ, ಆದರೆ ಗಾಳಿ ಬೆಳಕಿನಲ್ಲಿ ಓಡಾಡುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಅಪರೂಪ, ಮತ್ತು ಓಡಾಡುವುದು ಹಗುರವಾದದ್ದು ಮಾತ್ರ.

ಇನ್ನೂ ಕಾರಣ ಬೇಕೇ? ಭಾರ. ಮತ್ತೊಂದು? ಅದೂ ಭಾರವೇ. ಬಣ್ಣದ ಗುಣ, ಕಂಪನಿಯ ಹೆಸರು, ಭಾವನ ಸಲಹೆ, ಇವನ್ನೆಲ್ಲ ಮುಕ್ಕಾಲು ಕೆಜಿಯ ಒಳಗೆ ಬಂದ ಮೇಲೆ ಚರ್ಚಿಸೋಣ. ಈ ಸಂಚಿಕೆಗೆ ಯಾವ ಕಂಪನಿಯೂ ಹಣ ಕೊಟ್ಟಿಲ್ಲ, ಕೊಟ್ಟಿದ್ದರೆ ನನ್ನ ಮೇಜಿನ ಮೇಲೆ ತಕ್ಕಡಿಯ ಜಾಗದಲ್ಲಿ ಅವರ ಡಬ್ಬಿ ಇರುತ್ತಿತ್ತು. ತಕ್ಕಡಿ ತಯಾರಿಸುವವರು ಯಾರಾದರೂ ನೋಡುತ್ತಿದ್ದರೆ ನಾನು ಮಾತುಕತೆಗೆ ಸಿದ್ಧ. ಉಳಿದವರು ಕ್ಯಾಮೆರಾವನ್ನು ಲೆನ್ಸ್ ಸಮೇತ ತೂಗಿ, ಬಂದ ಅಂಕಿಯನ್ನು ಗ್ರಾಂ ಲೆಕ್ಕದಲ್ಲಿ ಕೆಳಗೆ ಬರೆಯಿರಿ. ಗ್ರಾಂ ಇಲ್ಲದ ಪ್ರತಿಕ್ರಿಯೆಗೆ, ಅದು ಎಷ್ಟೇ ಉದ್ದವಾಗಿರಲಿ, ನಾನು ಉತ್ತರ ಕೊಡುವುದಿಲ್ಲ.