ಓಟು ‘ಹಾಕಿ’ ಬಂದ್ರಾ?

ಕೇಳುಗರಿಗೆಲ್ಲ ನಮಸ್ಕಾರ. ಎಲೆಕ್ಷನ್ ದಿನ ಬೀದೀಲಿ ಯಾರೇ ಸಿಕ್ಲಿ, ಮೊದಲು ಕೇಳೋದು “ಓಟು ಹಾಕಿ ಬಂದ್ರಾ?” ಅಂತ. ಮತ ಚಲಾಯಿಸಿದ್ರಾ ಅಂತ ಯಾರೂ ಕೇಳಲ್ಲ, ಅದು ಪೇಪರ್ ಭಾಷೆ. ಆದ್ರೆ ಈಗ ಹಾಕೋಕೆ ನಮ್ಮ ಕೈಲಿ ಏನಿರುತ್ತೆ ಹೇಳಿ, ಒತ್ತೋದು ಬಟನ್ನು ತಾನೇ?

1952ರ ಮೊದಲ ಸಾರ್ವತ್ರಿಕ ಚುನಾವಣೇಲಿ ಓಟು ಅಂದ್ರೆ ನಿಜವಾಗ್ಲೂ ಹಾಕೋದೇ. ಚೀಟಿ ಮೇಲೆ ಮುದ್ರೆ ಒತ್ತೋದು, ಗುರುತು ಮಾಡೋದು ಯಾವ್ದೂ ಇರ್ಲಿಲ್ಲ, ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಕಬ್ಬಿಣದ ಡಬ್ಬ, ಅದಕ್ಕೆ ಅವರವರ ಚಿಹ್ನೆ ಅಂಟಿಸಿರೋರು, ಜೋಡೆತ್ತಿನ ಡಬ್ಬ, ಗುಡಿಸಲಿನ ಡಬ್ಬ ಹೀಗೆ. ಓದು ಬರಹ ಬರದ ಅಜ್ಜಿನೂ ಮರೆಗೆ ಹೋಗಿ ಚಿತ್ರ ನೋಡಿ ತನಗೆ ಬೇಕಾದ ಡಬ್ಬಕ್ಕೆ ಚೀಟಿ ಹಾಕಿದ್ರೆ ಮುಗೀತು, ಯಾವ ಡಬ್ಬಕ್ಕೆ ಬಿತ್ತೋ ಅದೇ ಲೆಕ್ಕ. ಆ ಏರ್ಪಾಟು ನೆನೆಸ್ಕೊಂಡ್ರೆ ನಂಗೆ ಇವತ್ತಿಗೂ ಮನಸ್ಸು ತುಂಬಿ ಬರುತ್ತೆ.

ಇನ್ನು ಈ ಓಟು. ಇಂಗ್ಲಿಷಿನಿಂದ ನಮಗೆ ಬಂದಿದ್ದು, ಅದರ ಬೇರು ಲ್ಯಾಟಿನ್ನಿನ ‘ವೋಟುಮ್’, ಅಂದ್ರೆ ದೇವರಿಗೆ ಹೊತ್ತ ಹರಕೆ, ಮನಸ್ಸಿನ ಕೋರಿಕೆ. ನಮ್ಮ ‘ಮತ’ ಸಂಸ್ಕೃತದ ‘ಮನ್’ ಧಾತುವಿಂದ ಬಂದಿದ್ದು, ಯೋಚಿಸು ಅಂತ ಅದರ ಅರ್ಥ. ಮನಸ್ಸು, ಮತಿ, ಸಮ್ಮತಿ, ಬಹುಮತ ಎಲ್ಲಾ ಅದೇ ಬಳ್ಳಿ ಕಾಯಿ. ಮಧ್ವಮತ ಅಂತೀವಲ್ಲ, ಅಲ್ಲೂ ಮತ ಅಂದ್ರೆ ಆಚಾರ್ಯರು ಯೋಚಿಸಿ ಕಂಡ್ಕೊಂಡಿದ್ದು ಅಂತ್ಲೇ. ಆಮೇಲಾಮೇಲೆ ಆ ಪದ ಹುಟ್ಟಿನ ಜೊತೆ ಅಂಟ್ಕೊಂಡ್ಬಿಡ್ತು, ಹುಟ್ಟು ನೋಡಿ ಮತ ಕೇಳೋರನ್ನ ಕಂಡಾಗ ನಂಗೆ ಸಂಕಟ ಆಗೋದು ಇದಕ್ಕೇ.

ನಂಗೆ ತುಂಬಾ ಇಷ್ಟವಾದ ಪದ ಮತಗಟ್ಟೆ. ಮತ, ಕಟ್ಟೆ, ಎರಡೂ ಸೇರಿ ‘ಕ’ ಹೋಗಿ ‘ಗ’ ಆಗಿದೆ, ಶಾಲೇಲಿ ಓದಿದ ಆದೇಶ ಸಂಧಿ. ಪೋಲಿಂಗ್ ಬೂತ್ ಅಂದ್ರೆ ಏನೂ ಅನ್ಸಲ್ಲ, ಕಟ್ಟೆ ಅಂದ ತಕ್ಷಣ ಅರಳಿಮರದ ಕೆಳಗೆ ಊರಿನೋರು ಕೂತು ಮಾತಾಡೋ ಜಾಗ ಕಣ್ಮುಂದೆ ಬರುತ್ತೆ.

2004ರ ಲೋಕಸಭೆ ಚುನಾವಣೆ ಹೊತ್ತಿಗೆ ಎಲ್ಲಾ ಕಡೆ ಮಷೀನು ಬಂತು, ಚೀಟಿ ಹೋಯ್ತು, ಹಾಕೋದು ಅನ್ನೋ ಮಾತು ಮಾತ್ರ ಉಳೀತು. ಈಗ ಮಷೀನ್ ಪಕ್ಕದಲ್ಲೇ ವಿವಿಪ್ಯಾಟ್ ಅಂತ, ಓಟು ಯಾರಿಗೆ ಬಿತ್ತು ಅಂತ ಚೀಟಿಲಿ ತೋರಿಸೋ ಯಂತ್ರ ಇಟ್ಟಿರ್ತಾರೆ. ಹೋದ ಸಲ ಬಟನ್ ಒತ್ತಿ ಅಲ್ಲೇ ನಿಂತೆ, ಗಾಜಿನ ಹಿಂದೆ ಒಂದು ಪುಟ್ಟ ಚೀಟಿ ಬಂತು, ನಾನು ಆರಿಸಿದ ಹೆಸರು, ಚಿಹ್ನೆ, 7 ಸೆಕೆಂಡು ಕಾಣಿಸ್ತು, ಆಮೇಲೆ ಕತ್ತರಿಸಿಕೊಂಡು ಕೆಳಗಿನ ಡಬ್ಬದೊಳಗೆ ಬಿತ್ತು.