ಫೋಟೊದ ಬೆನ್ನಿಗೆ ಹೆಸರು ಬರೆಯಿರಿ

ಕೇಳುಗರಿಗೆ ನಮಸ್ಕಾರ. ಫೋಟೊ ತೆಗೆಯುವವನನ್ನು ರೇಡಿಯೊದಲ್ಲಿ ಮಾತನಾಡಲು ಕರೆದಿದ್ದಾರೆ. ತೋರಿಸುವಂತಿಲ್ಲ, ಹೇಳಬೇಕು. ಅದಕ್ಕೇ ಒಪ್ಪಿಕೊಂಡೆ. ಏಕೆಂದರೆ ನಾನು ಹೇಳಬೇಕೆಂದಿರುವುದು ಫೋಟೊದ ಮುಂಭಾಗದ ವಿಷಯವಲ್ಲ, ಹಿಂಭಾಗದ ವಿಷಯ.

ಚಿಕ್ಕಬಳ್ಳಾಪುರದಲ್ಲಿ ಮೂವತ್ತೈದು ವರ್ಷಗಳಿಂದ ಮದುವೆಗಳ ಫೋಟೊ ತೆಗೆಯುತ್ತಿದ್ದೇನೆ. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡಿರುವವರು ಯಾರೆಂದು ಊಹಿಸಬಲ್ಲೆ. ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದೀರಿ, ಇಲ್ಲವೇ ಒಲೆಯ ಮುಂದೆ ಇದ್ದೀರಿ. ನಿಮ್ಮ ಬೀರುವಿನಲ್ಲಿ, ಧಾರೆ ಸೀರೆಯ ಅಡಿಯಲ್ಲಿ, ಮದುವೆಯ ಆಲ್ಬಮ್ ಇದೆ. ಅದರಲ್ಲಿರುವ ಫೋಟೊಗಳ ಹಿಂಭಾಗದಲ್ಲಿ ಹೆಸರಿಲ್ಲ. ಬರೆಯಿರಿ. ಇಷ್ಟೇ ನನ್ನ ಭಾಷಣ. ಉಳಿದ ಸಮಯವೆಲ್ಲ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಗಂಡು ಹೆಣ್ಣಿನ ಹೆಸರು ಯಾರೂ ಮರೆಯುವುದಿಲ್ಲ, ಅದು ಲಗ್ನಪತ್ರಿಕೆಯಲ್ಲಿಯೂ ಇರುತ್ತದೆ. ಪಕ್ಕದಲ್ಲಿ ನಿಂತವರ ಕಥೆ ಏನು? ಇವತ್ತು ಸಂಜೆ ಆಲ್ಬಮ್ ತೆರೆದು ಆರತಕ್ಷತೆಯ ಪುಟಕ್ಕೆ ಬನ್ನಿ. ಮುಯ್ಯಿ ಲಕೋಟೆ ಹಿಡಿದು ನಿಂತಿರುವ ಆ ದಂಪತಿ ಯಾರು? 'ಗೌರಿಬಿದನೂರಿನ ಅತ್ತೆಯ ಕಡೆಯವರಿರಬೇಕು' ಎನ್ನುತ್ತೀರಿ. ಆ 'ಇರಬೇಕು' ಬಂತೆಂದರೆ ಮುಗಿಯಿತು, ಅವರು ನಿಮ್ಮ ಮನೆಯ ನೆನಪಿನಿಂದ ಅರ್ಧ ಹೊರಗೆ ಹೋದಂತೆಯೇ. ನಿಮ್ಮ ಮಕ್ಕಳ ಕಾಲಕ್ಕೆ 'ಯಾರೋ' ಆಗುತ್ತಾರೆ.

ನಿಮಗೆ ಬಹಳ ಇಷ್ಟವಾದ ಫೋಟೊ ಯಾವುದು ಎಂದು ಈಗಿನ ಜೋಡಿಗಳು ನನ್ನನ್ನು ಕೇಳುವುದುಂಟು. ನಂದಿ ಬೆಟ್ಟದ ಮಂಜು ಎಂದು ಹೇಳಲಿ ಎಂಬ ಆಸೆ ಅವರಿಗೆ. ಮದುವೆಗೆ ಮುಂಚಿನ ಫೋಟೊಗೆಂದು ನಸುಕಿನಲ್ಲೇ ಬೆಟ್ಟಕ್ಕೆ ಹೊರಡುತ್ತಾರೆ. ಬೆಟ್ಟದ ಬುಡದಲ್ಲಿ ಭೋಗನಂದೀಶ್ವರ, ನೆತ್ತಿಯ ಮೇಲೆ ಯೋಗನಂದೀಶ್ವರ. ಮದುವೆಯಾಗುವವರು ಕೆಳಗಿನ ದೇವರನ್ನು ದಾಟಿಕೊಂಡು ವಿರಕ್ತನ ಬಳಿಗೆ ಏಕೆ ಹತ್ತುತ್ತಾರೋ ನನಗಂತೂ ತಿಳಿದಿಲ್ಲ. ಕರೆದರೆ ನಾನೂ ಹೋಗುತ್ತೇನೆ, ಹೊಟ್ಟೆಪಾಡು. ಆದರೆ ನನಗೆ ಇಷ್ಟವಾದ ಫೋಟೊ ಅಲ್ಲಿಯದಲ್ಲ. ಅದು ಹುಳುಮನೆಯದು.

1996, ಮಾಘ ಮಾಸ. ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಆಗ ನಮ್ಮದು ಇನ್ನೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನನ್ನ ಕೈಯಲ್ಲಿ ಒಂದು ಪೆಂಟಾಕ್ಸ್ ಕೆ1000 ಕ್ಯಾಮೆರಾ, ಚೀಲದಲ್ಲಿ ಐದು ರೋಲು. ರೋಲಿಗೆ 36ರಂತೆ ಇಡೀ ಮದುವೆಗೆ 180 ಫೋಟೊ. ಈಗ ಅಷ್ಟು ಫೋಟೊ ಮದುಮಗಳ ಮೆಹಂದಿಗೂ ಸಾಲುವುದಿಲ್ಲ. ವರಪೂಜೆಯಲ್ಲಿ ಎಷ್ಟು, ಧಾರೆಗೆ ಎಷ್ಟು, ಬೀಗರಿಗೆ ಎಷ್ಟು ಎಂದು ರಾತ್ರಿಯೇ ಲೆಕ್ಕ ಹಾಕಿ ಮಲಗುತ್ತಿದ್ದೆ.

ಆ ಮನೆಯವರೂ ಲೆಕ್ಕ ಹಾಕಿದ್ದರು. ಮದುವೆಯ ಸಾಲ ಆ ಸಲದ ರೇಷ್ಮೆ ಬೆಳೆಯಿಂದಲೇ ತೀರಬೇಕಿತ್ತು. ಮುಹೂರ್ತಕ್ಕೆ ನಾಲ್ಕು ದಿನ ಮುಂಚೆಯೇ ಹುಳು ಚಂದ್ರಿಕೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆ, ಏರಬೇಕಿತ್ತು. ಆ ವರ್ಷ ಚಳಿ ಬಿಡಲಿಲ್ಲ. ಚಳಿಯಲ್ಲಿ ಹುಳು ನಿಧಾನ, ನಿಮಗೆ ಹೇಳಬೇಕಾಗಿಲ್ಲ. ನಾಲ್ಕನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ತಡವಾಗಿ ಎದ್ದ ಹುಳು ಸರಿಯಾಗಿ ಮುಹೂರ್ತದ ದಿನ ಬೆಳಗ್ಗೆಯೇ ಹಣ್ಣಾಯಿತು. ಪೇಟೆಯ ಕೇಳುಗರಿಗೆ ಒಂದು ಮಾತು: ಹಣ್ಣಾದ ಹುಳು ಮೇವು ಬಿಡುತ್ತದೆ, ಮೈ ಹಳದಿ ತಿರುಗಿ ಬೆಳಕು ಹಾಯುವಂತಾಗುತ್ತದೆ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆ ಹೊತ್ತಿಗೆ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಮಧ್ಯದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅದು ಪಂಚಾಂಗ ನೋಡುವುದಿಲ್ಲ.

ಧಾರೆಯ ಹೊತ್ತು ಹತ್ತಿರವಾಯಿತು. ಹೆಣ್ಣಿನ ತಂದೆ ಚಪ್ಪರದಲ್ಲಿ ಇಲ್ಲ. ಪುರೋಹಿತರು ಕೂಗಿದರು, ವಾಲಗದವರು ಊದುವುದನ್ನು ನಿಲ್ಲಿಸಿ ಕುಳಿತರು, ಗಂಡಿನ ಕಡೆಯವರ ಮುಖ ಬಿಗಿಯಿತು. 'ಫೋಟೊದವರೇ, ನೀವು ಹೋಗಿ ಕರೆದುಕೊಂಡು ಬನ್ನಿ' ಎಂದು ನನ್ನನ್ನು ಅಟ್ಟಿದರು. ಹಿತ್ತಲಿನ ಹುಳುಮನೆಗೆ ಓಡಿದೆ. ಬಾಗಿಲಲ್ಲಿ ಅಜ್ಜಿಯೊಬ್ಬರು ತಡೆದರು. 'ಸೆಂಟು ಹಾಕಿಕೊಂಡು ಒಳಗೆ ಬರಬೇಡ, ಹುಳುವಿಗೆ ಆಗುವುದಿಲ್ಲ.' ಹೊಸ್ತಿಲ ಆಚೆಯೇ ನಿಂತೆ. ಒಳಗೆ ಹೆಣ್ಣಿನ ತಂದೆ. ರೇಷ್ಮೆ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ. ಶಲ್ಯ ಗೂಟಕ್ಕೆ ನೇತುಹಾಕಿದೆ. ಹಣೆಯಲ್ಲಿ ಹೊಸ ಕುಂಕುಮ, ಬೊಗಸೆ ತುಂಬ ಹಣ್ಣುಹುಳು. ಹಿಂದೆ ಒಬ್ಬ ಹೆಂಗಸು ಬುಟ್ಟಿ ಹಿಡಿದು ನಗುತ್ತಿದ್ದರು. ಇದ್ದ ಒಂದೇ ಕಿಟಕಿಯಿಂದ ಬೆಳಕು ಆ ಬೊಗಸೆಯ ಮೇಲೆ ಬಿದ್ದಿತ್ತು. ಫ್ಲಾಶ್ ಹಾಕುವ ಧೈರ್ಯವಾಗಲಿಲ್ಲ, ಅಜ್ಜಿ ನೋಡುತ್ತಿದ್ದರು. ಉಸಿರು ಹಿಡಿದು ಒಂದೇ ಒಂದು ಫೋಟೊ ತೆಗೆದೆ. ಅವರು ಕೈಯಲ್ಲಿದ್ದ ಹುಳುವನ್ನು ಒಂದೂ ಕೆಳಗೆ ಬೀಳದಂತೆ ಚಂದ್ರಿಕೆಗೆ ಬಿಟ್ಟು, ಕೈ ತೊಳೆದು, ಓಡಿ ಬಂದು ಧಾರೆ ಎರೆದರು.

ಆ ಫೋಟೊ ಆಲ್ಬಮ್ಮಿಗೆ ಹೋಗಲಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಹುಳು ಏತಕ್ಕೆ ಎಂದು ಮನೆಯವರೇ ಬೇಡವೆಂದರು. ನೆಗೆಟಿವ್ ನನ್ನ ಬಳಿ ಉಳಿಯಿತು.

2019ರಲ್ಲಿ ಆ ಮದುಮಗಳು ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ತಂದೆ ತೀರಿಕೊಂಡಿದ್ದರು. 'ಅಣ್ಣಾ, ಆಲ್ಬಮ್ಮಿನಲ್ಲಿ ಅಪ್ಪನ ಮುಖವೇ ಇಲ್ಲ, ಎಲ್ಲದರಲ್ಲೂ ಪುರೋಹಿತರ ಕಡೆಗೆ ತಲೆ ಬಗ್ಗಿಸಿದ್ದಾರೆ' ಎಂದರು. ಹಳೆಯ ಡಬ್ಬಿಗಳನ್ನೆಲ್ಲ ಕೆದಕಿ ಆ ನೆಗೆಟಿವ್ ಹುಡುಕಿ ದೊಡ್ಡದಾಗಿ ಹಾಕಿಸಿಕೊಟ್ಟೆ. ತಾಯಿ ಬಹಳ ಹೊತ್ತು ನೋಡಿದರು. ಗಂಡನ ಬಗ್ಗೆ ಏನೂ ಹೇಳಲಿಲ್ಲ. ಹಿಂದಿದ್ದ ಹೆಂಗಸಿನ ಮೇಲೆ ಬೆರಳಿಟ್ಟು, 'ಇವಳು ಅವತ್ತು ಊಟಕ್ಕೂ ಕೂರದೆ ಹುಳು ಆಯ್ದಳು. ಬಾಳೆ ಎಲೆಯಲ್ಲಿ ಕಟ್ಟಿ ಕಳಿಸಿದೆ. ಆ ಬೆಳೆ ಕೈಗೆ ಬಂದದ್ದು ಇವಳಿಂದ. ಹೆಸರು ಬಾಯಿಗೆ ಬರುತ್ತಿಲ್ಲವಲ್ಲ' ಎಂದರು. ಮಗಳನ್ನು ಕೇಳಿದರೆ ಪಕ್ಕದ ಮನೆಯ ಸೊಸೆ ಎಂದರು. ಚಿಕ್ಕಮ್ಮನಿಗೆ ಫೋನು ಮಾಡಿದರೆ, ಕೂಲಿಗೆ ಬೇರೆ ಊರಿನಿಂದ ಬಂದವಳು ಎಂದರು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದವನು. ಕೇಳಿ ಬರೆದುಕೊಂಡಿದ್ದರೆ ಅರ್ಧ ನಿಮಿಷದ ಕೆಲಸ. ಕೇಳಲಿಲ್ಲ.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಎರಡು ನಿಮಿಷವಂತೆ. ಬೇಗ ಬೇಗ ಹೇಳುತ್ತೇನೆ. ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಡಿ, ಗೆರೆ ಮುಖದ ಕಡೆಗೆ ಮೂಡುತ್ತದೆ. ಹಳೆಯ ಕಪ್ಪುಬಿಳುಪು ಫೋಟೊಗೆ ಮೆತ್ತನೆಯ ಪೆನ್ಸಿಲ್. ಬಣ್ಣದ ಫೋಟೊದ ಬೆನ್ನು ನುಣುಪು, ಪೆನ್ಸಿಲ್ ಹಿಡಿಯುವುದಿಲ್ಲ, ಸಿ.ಡಿ. ಮೇಲೆ ಬರೆಯುತ್ತಿದ್ದ ಪೆನ್ನಿನಿಂದ ಅಂಚಿನಲ್ಲಿ ಬರೆದು ಒಣಗಲು ಬಿಡಿ. ಅಂಟುಪುಟದ ಆಲ್ಬಮ್ಮಿನಿಂದ ಫೋಟೊ ಕೀಳಲು ಹೋಗಬೇಡಿ, ಹರಿಯುತ್ತದೆ. ಪುಟದ ಅಂಚಿಗೆ ಚೀಟಿ ಹಚ್ಚಿ. ಈಗಿನ ದಪ್ಪ ಪುಟದ ಆಲ್ಬಮ್ಮಿಗೆ ಹಿಂಭಾಗವೇ ಇಲ್ಲ. ಒಂದು ಹಾಳೆಯಲ್ಲಿ ಪುಟವಾರು ಹೆಸರು ಬರೆದು ಒಳಗಿಡಿ. ಮೊಬೈಲಿನಲ್ಲಿರುವ ಮೂರು ಸಾವಿರ ಫೋಟೊಗಳಲ್ಲಿ ಮೂವತ್ತನ್ನಾದರೂ ಕಾಗದಕ್ಕೆ ಹಾಕಿಸಿ, ಬರೆಯಲು ಬೆನ್ನಾದರೂ ಸಿಗುತ್ತದೆ. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಕೇಳಿ. ನಾಳೆ ಎನ್ನಬೇಡಿ.

ಕೊನೆಗೆ ನನ್ನದೇ ಒಂದು ಕೆಲಸ. ಆ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಕತ್ತಿನಲ್ಲಿ ಕರಿಮಣಿ, ಮೂಗಿನ ಎರಡೂ ಕಡೆ ಬೊಟ್ಟು, ಎಡಗೈಯಲ್ಲಿ ಬಿದಿರಿನ ಬುಟ್ಟಿ. 1996ರ ಮಾಘದಲ್ಲಿ ಶಿಡ್ಲಘಟ್ಟದ ಕಡೆ, ಮದುವೆಮನೆಯೊಂದರಲ್ಲಿ ಹಣ್ಣುಹುಳು ಆಯಲು ಹೋಗಿದ್ದವರು ನಿಮ್ಮ ಅಮ್ಮನೋ, ಅತ್ತೆಯೋ, ಇಲ್ಲವೇ ನೀವೇ ಆಗಿದ್ದರೆ ಆಕಾಶವಾಣಿಗೆ ಒಂದು ಕಾರ್ಡು ಬರೆಯಿರಿ. ನನ್ನ ಅಂಗಡಿಯ ಗೋಡೆಯಲ್ಲಿ ಆ ಫೋಟೊದ ಇನ್ನೊಂದು ಪ್ರತಿ ಇದೆ. ಹಿಂದೆ ತಂದೆಯ ಹೆಸರು ಬರೆದು, ಪಕ್ಕದಲ್ಲಿ ಒಂದು ಗೆರೆಯಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ನಮಸ್ಕಾರ.